ಮೂರು ಊರ ನಾಟಕ, ಒಂದು ಬಯೋಡೇಟಾ

ಸತ್ತವನು ಎದ್ದು ಕೂತ. ಎದೆಯ ಮೇಲಿದ್ದ ಚಾಕುವನ್ನು ಪಕ್ಕಕ್ಕಿಟ್ಟು ಕೈಮುಗಿದ. ಜನರ ನಡುವಿನಿಂದ ರಂಗಕ್ಕೆ ಹತ್ತಿ ಬಂದ ಅವನ ಸೋದರಮಾವ ಕೊರಳಿಗೆ ಹಾರ ಹಾಕಿ, ಹೆಗಲಿಗೆ ಟವೆಲ್ ಹೊದಿಸಿ, ಬೆರಳಿಗೆ ಉಂಗುರ ತೊಡಿಸಿದ. ಮೈಕಿನಲ್ಲಿ ಮಾವನ ಹೆಸರು, ಅವನ ಊರಿನ ಹೆಸರು ಕೂಗಿದರು. ಅಷ್ಟಾದ ಮೇಲೆ ಸತ್ತವನು ಚಾಕುವನ್ನು ಮತ್ತೆ ಎದೆಯ ಮೇಲಿಟ್ಟುಕೊಂಡು ಇನ್ನೊಮ್ಮೆ ಸತ್ತ. ಹೆಂಡತಿ ಪಾತ್ರದವಳು ಅಳುವನ್ನು ಬಿಟ್ಟಲ್ಲಿಂದ ಮುಂದುವರಿಸಿದಳು. ಕಂಪ್ಲಿ ಕಡೆಯ ಹಳ್ಳಿಯೊಂದರಲ್ಲಿ ಪರದೆ ಹಿಂದೆ ನಾಟಕದ ಪುಸ್ತಕ ಹಿಡಿದು ನಿಂತಿದ್ದ ನನಗೆ ನಗು ಬರಲಿಲ್ಲ, ಸಿಟ್ಟು ಬಂತು.

ಆ ಸಿಟ್ಟಿನ ಮಾತು ಈಗ ಯಾಕೆಂದರೆ, ಈಚೆಗೆ ನಾನೊಂದು ಬಯೋಡೇಟಾ ಬರೆಯಬೇಕಾಗಿ ಬಂತು. ಮೈಸೂರಿನ ರಂಗತಂಡವೊಂದಕ್ಕೆ ಸ್ಟೇಜ್ ಮ್ಯಾನೇಜರ್ ಬೇಕಂತೆ ಎಂದು ಗೆಳತಿ ಲತಾ ಫೋನ್ ಮಾಡಿದ್ದಳು. ನಾನು ಮೈಸೂರಿನವಳೇ. ಹಿಂದೆ ಅಲ್ಲಿ ಎರಡು ನಾಟಕಗಳಿಗೆ ಆ ಕೆಲಸ ಮಾಡಿದ್ದೆ: ಕಪ್ಪು ಬಟ್ಟೆ ತೊಟ್ಟು, ಯಾವ ಮಾತಿಗೆ ಯಾವ ದೀಪ, ಯಾರು ಯಾವ ಕಡೆಯಿಂದ ಒಳಗೆ ಎಂದು ಬರೆದಿಟ್ಟುಕೊಂಡು, ಪ್ರೇಕ್ಷಕರ ಕಣ್ಣಿಗೆ ಬೀಳದೆ ನಾಟಕ ನಡೆಸುವುದು. ಅದರಿಂದ ಹೊಟ್ಟೆ ತುಂಬಲಿಲ್ಲ. ಐದು ವರ್ಷದ ಹಿಂದೆ ಹೊಸಪೇಟೆಯ ಲಾಡ್ಜೊಂದರ ರಿಸೆಪ್ಷನ್ನಿಗೆ ಬಂದು ಕೂತೆ. ಈ ಕೆಲಸ ಸಿಕ್ಕರೆ ಊರಿಗೆ ವಾಪಸ್, ಸಿಗದಿದ್ದರೆ ಇದೇ ಕೌಂಟರು, ಇದೇ ಕೀಲಿಗಳು. ವಯಸ್ಸು ಮೂವತ್ತನಾಲ್ಕು. ಇನ್ನೊಂದು ಅವಕಾಶ ಬರುತ್ತದೆ ಎಂಬ ನಂಬಿಕೆ ನನಗಿರಲಿಲ್ಲ.

ಐದು ವರ್ಷವಾದರೂ ಈ ಊರಿನಲ್ಲಿ ನನಗೆ ದಣಿವೇ ಹೆಚ್ಚು. ಮೈಸೂರಿನಲ್ಲಿ ಫ್ಯಾನಿಲ್ಲದೆ ಮಲಗುತ್ತಿದ್ದವಳು ಇಲ್ಲಿ ಶಿವರಾತ್ರಿ ಕಳೆಯುವಷ್ಟರಲ್ಲಿ ನೆಲಕ್ಕೆ ನೀರು ಚೆಲ್ಲಿ ಮಲಗುವುದನ್ನು ಕಲಿತೆ. ಲಾಡ್ಜಿಗೆ ಬರುವವರೆಲ್ಲ ಹಂಪಿ ನೋಡುವವರು. ದಿನಕ್ಕೆ ಹತ್ತು ಸಲ ದಾರಿ ಹೇಳುವ ನಾನು ಅಲ್ಲಿಗೆ ಹೋಗಿರುವುದು ಎರಡೇ ಸಲ. ಕೂತುಕೊಳ್ಳಿ ಎನ್ನುವುದಕ್ಕೆ ಇಲ್ಲಿ ‘ಕುಂದ್ರಿ’ ಎನ್ನುತ್ತಾರೆ. ಮೊದಮೊದಲು ಗದರಿಸಿದ ಹಾಗೆ ಕೇಳಿಸುತ್ತಿತ್ತು, ಮರ್ಯಾದೆಯಿಂದಲೇ ಕರೆಯುತ್ತಿದ್ದಾರೆ ಎಂದು ತಿಳಿಯಲು ವರ್ಷ ಹಿಡಿಯಿತು. ಮನೆ ಮಾಲೀಕರಾದ ಗೌರಮ್ಮ ಸಂಜೆ ಹೊತ್ತು ಬಾಗಿಲಿಗೆ ಬಂದು, “ಎಷ್ಟು ದಿನ ಅಂತ ಒಬ್ರೇ ಆ ತಿಳಿಸಾರು ಉಣ್ತೀರಿ? ಬರ್ರಿ, ಬಿಸಿ ರೊಟ್ಟಿ ಐತಿ” ಎಂದು ಕರೆಯುತ್ತಿದ್ದರು. ಇಲ್ಲಿ ನಾಟಕದ ದಾರಿ ತೋರಿಸಿದವರೂ ಅವರೇ.

“ನೀವು ನಾಟಕದಾಗ ಕೆಲಸ ಮಾಡೀರಂತಲ್ರಿ? ನಮ್ಮಣ್ಣಗ ಪುಸ್ತಕ ಓದಾಕ ಒಬ್ರು ಬೇಕಾಗ್ಯಾರ.”

ಅಣ್ಣ ಎಂದರೆ ಕಂಪ್ಲಿಯ ವೀರಣ್ಣ ಮಾಸ್ತರು. ಹಾರ್ಮೋನಿಯಂ ಹಿಡಿದು ಊರೂರಿಗೆ ಹೋಗಿ ಅಲ್ಲಿನ ಜನಕ್ಕೆ ನಾಟಕ ಕಲಿಸುವವರು. ಪುಸ್ತಕ ಓದುವುದೆಂದರೆ ಪರದೆ ಹಿಂದಿನಿಂದ ಪಾತ್ರದವರಿಗೆ ಮಾತು ಎತ್ತಿಕೊಡುವುದು. ಆದರೆ ನಾನು ಮಾಡಿದ್ದು ಅಷ್ಟೇ ಅಲ್ಲ. ಸ್ತ್ರೀಪಾತ್ರದವರು ಆಟದ ದಿನವೇ ಬೇರೆ ಊರಿಂದ ಬರುತ್ತಿದ್ದರು, ಅವರನ್ನು ಬಸ್‌ಸ್ಟ್ಯಾಂಡಿನಿಂದ ಕರೆತರುವುದು, ಕಳೆದುಹೋದ ಮೀಸೆ ಹುಡುಕುವುದು, ನಾಯಕನನ್ನು ಕುಡಿಯದಂತೆ ಕಾಯುವುದು, ಎಲ್ಲವೂ ನನ್ನ ತಲೆಗೇ ಬಂತು. ಹೀಗೆ ಮೂರು ನಾಟಕವಾಯಿತು.

“ಬಯೋಡೇಟಾದಲ್ಲಿ ಊರ ನಾಟಕ ಹಾಕ್ಬೇಡ ಕಣೇ, ನಗ್ತಾರೆ,” ಎಂದಳು ಲತಾ.

“ಹಾಕದಿದ್ರೆ ಎರಡೇ ಆಗುತ್ತೆ. ಅದೂ ಓಬೀರಾಯನ ಕಾಲದ್ದು.”

“ಹಾಗಾದ್ರೆ ಸ್ವಲ್ಪ ಪಾಲಿಶ್ ಮಾಡಿ ಹಾಕು.”

‘ಗ್ರಾಮೀಣ ರಂಗಭೂಮಿಯಲ್ಲಿ ಮೂರು ಪ್ರಯೋಗಗಳ ಸಮಗ್ರ ನಿರ್ವಹಣೆ’ ಎಂದು ಬರೆದೆ. ಓದಿ ನೋಡಿದರೆ ಇನ್ಯಾರದೋ ಬಯೋಡೇಟಾ ಕದ್ದ ಹಾಗಿತ್ತು, ಅಳಿಸಿದೆ. ಅರ್ಜಿಯಲ್ಲಿ ಇನ್ನೊಂದು ಕಾಲಂ ಇತ್ತು: ಕೆಲಸದಲ್ಲಿ ನೀವು ಮಾಡಿದ ಒಂದು ತಪ್ಪು, ಅದರಿಂದ ಕಲಿತದ್ದು. ಅದರ ಮುಂದೆ ಎರಡು ಮಧ್ಯಾಹ್ನ ಸುಮ್ಮನೆ ಕೂತೆ. ಏನು ಬರೆಯಬೇಕೆಂದು ಗೊತ್ತಿತ್ತು, ಬರೆಯಲು ನಾಚಿಕೆಯಾಗುತ್ತಿತ್ತು.

ಎರಡನೆಯ ನಾಟಕ ಸಂಡೂರು ಕಡೆಯ ಹಳ್ಳಿಯದು. ನಾಯಕನ ಪಾತ್ರ ಹುಲುಗಪ್ಪನದು, ಅದಿರಿನ ಲಾರಿ ಓಡಿಸುವವನು. ನಾಟಕದ ನಡುವೆ ನೆಂಟರು ಹತ್ತಿ ಬಂದು ಕೊಡುವ ಉಡುಗೊರೆಗೆ ಮುಯ್ಯಿ ಎನ್ನುತ್ತಾರೆ. ನಮ್ಮ ಕಡೆ ಮುಯ್ಯಿ ಎಂದರೆ ಮದುವೆಯದು, ನಾಟಕದ ಮಧ್ಯೆ ಅದೆಂಥದು? ಕೊನೆಯ ದೃಶ್ಯದಲ್ಲಿ ಯಾರೂ ಹತ್ತಕೂಡದು ಎಂದು ಹಟ ಹಿಡಿದೆ. “ಪಟ್ನದಾಗ ಕಲ್ತಾವ್ರು ನೀವು. ನಿಮಗ ಬಿಟ್ಟೀನಿ,” ಎಂದರು ಮಾಸ್ತರು. ಕೊನೆಯ ದೃಶ್ಯದಲ್ಲಿ ಒಬ್ಬ ಹೆಂಗಸು ತಟ್ಟೆಯಲ್ಲಿ ಟವೆಲ್, ಅಂಗಿ ಬಟ್ಟೆ, ಹಾರ ಇಟ್ಟುಕೊಂಡು ಮೆಟ್ಟಿಲು ಹತ್ತಿದಳು. ನಾನು ಕೈ ಅಡ್ಡ ಹಿಡಿದೆ. ಅವಳು ತಟ್ಟೆ ಹಿಡಿದುಕೊಂಡೇ, ಎಲ್ಲರೂ ನೋಡುತ್ತಿದ್ದಂತೆ ಇಳಿದು ಹೋದಳು. ದೃಶ್ಯ ಎಲ್ಲೂ ತುಂಡಾಗಲಿಲ್ಲ. ನಾನು ಬೀಗಿದೆ.

ಬಣ್ಣ ಒರೆಸಿಕೊಳ್ಳುತ್ತಾ ಹುಲುಗಪ್ಪ, “ನಮ್ಮಕ್ಕ ಎಲ್ಲಿ?” ಎಂದ. ಅಕ್ಕ ಊಟ ಮಾಡದೆ ತನ್ನೂರು ಕುರೆಕುಪ್ಪಕ್ಕೆ ಹೊರಟುಹೋಗಿದ್ದಳು.

ಮುಂದಿನ ಭಾನುವಾರ ಮಾಸ್ತರು ನನ್ನನ್ನು ಅಲ್ಲಿಗೆ ಕರೆದೊಯ್ದರು. ಅಕ್ಕನ ಹೆಸರು ಯಂಕಮ್ಮ. ಕುಂದ್ರಿ ಎಂದು ಚಾಪೆ ಹಾಕಿ, ಚಹಾ ಕೊಟ್ಟಳು. ಆಮೇಲೆ ಹೇಳಿದಳು: “ನಾಟಕ ನೋಡಾಕ ಬಂದಿದ್ದಿಲ್ರಿ ನಾನು. ಅವ್ವ ಅಪ್ಪ ಇಲ್ಲ ನಮಗ. ನಾಕು ಮಂದಿ ಮುಂದ ತಮ್ಮಗ ಒಂದು ಟವಲ್ ಹೊದಿಸಾಕ ಬಂದಿದ್ದೆ. ಹಿಂದ ಮುಂದ ಯಾರಿಲ್ಲದಾವ ಅಂತ ಮಂದಿ ಅನಬಾರದಲ್ರಿ.” ತಪ್ಪಾಯಿತು ಎಂದೆ. “ಹೋಗ್ಲಿ ಬಿಡ್ರಿ, ನಿಮಗ ಗೊತ್ತಿದ್ದಿಲ್ಲ,” ಎಂದಳು. ನನ್ನ ಮುಖ ಮಾತ್ರ ನೋಡಲಿಲ್ಲ.

ಮೂರನೆಯದು ದರೋಜಿ ಹತ್ತಿರದ ಹಳ್ಳಿಯಲ್ಲಿ. ಈ ಸಲ ಪ್ರತಿ ಪಾತ್ರದವರ ಮನೆಗೂ ಹೋಗಿ, ಯಾರ ಮುಯ್ಯಿ ಬರುತ್ತದೆ, ಯಾವ ಊರಿಂದ, ಅವರು ಎಲ್ಲಿ ಕೂರುತ್ತಾರೆ ಎಂದು ಕೇಳಿ ಬರೆದುಕೊಂಡೆ. ಯಾರನ್ನು ಯಾವ ಮಾತಿನ ಮೇಲೆ ಕರೆಯಬೇಕು, ಅಷ್ಟು ಹೊತ್ತು ಮಾಸ್ತರು ಏನು ನುಡಿಸಬೇಕು, ಉಳಿದವರು ಹೇಗೆ ನಿಂತಲ್ಲೇ ನಿಲ್ಲಬೇಕು, ಎಲ್ಲವನ್ನೂ ತಾಲೀಮು ಮಾಡಿಸಿದೆ. ಒಬ್ಬರೂ ತಟ್ಟೆ ಹಿಡಿದು ವಾಪಸ್ ಹೋಗಲಿಲ್ಲ. ನನ್ನ ಜೀವನದಲ್ಲಿ ನಾನು ಚೆನ್ನಾಗಿ ಮಾಡಿದ ಕೆಲಸ ಅದೊಂದೇ.

ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಬರೆದೆ. ನನ್ನನ್ನು ಬಲ್ಲವರು ಎಂಬ ಜಾಗದಲ್ಲಿ ಮಾಸ್ತರ ಹೆಸರು ಹಾಕಿ ಫೋನ್ ಮಾಡಿದೆ.

“ಅವ್ರು ಕೇಳಿದ್ರ ಏನು ಹೇಳ್ಲಿ ಮೇಡಂ?”

“ಇದ್ದದ್ದು ಹೇಳಿ ಮಾಸ್ತರೇ.”

“ಇದ್ದದ್ದು ಹೇಳಿದ್ರ ನೀವು ಹೋಗಿಬಿಡ್ತೀರಲ್ರಿ.”

ಸಂದರ್ಶನ ವಿಡಿಯೊ ಕಾಲ್‌ನಲ್ಲಿ. ಲಾಡ್ಜಿನ ಖಾಲಿ ರೂಮಿನಲ್ಲಿ ಕೂತೆ. ಆ ಕಡೆ ಮೂವರು. ದೀಪದ ಬಗ್ಗೆ, ತಾಲೀಮಿನ ಬಗ್ಗೆ ಕೇಳಿದರು, ಸರಾಗವಾಗಿ ಹೇಳಿದೆ. ಕೊನೆಗೆ ನಿರ್ದೇಶಕಿ ನನ್ನ ಅರ್ಜಿಯನ್ನು ಇನ್ನೊಮ್ಮೆ ನೋಡಿ ಕೇಳಿದರು: “ನಮ್ಮ ನಾಟಕ ನಡೀತಿರುವಾಗ ಒಬ್ಬರು ಹಾರ ಹಿಡಿದು ರಂಗ ಹತ್ತಿದ್ರೆ ಏನು ಮಾಡ್ತೀರಿ?”

ಸರಿಯಾದ ಉತ್ತರ ನನಗೆ ಗೊತ್ತಿತ್ತು. ಸದ್ದಿಲ್ಲದೆ ತಡೆದು ಕೆಳಗಿಳಿಸಬೇಕು, ನಾಟಕ ನಿಲ್ಲಬಾರದು. ಮೈಸೂರಿನಲ್ಲಿ ಕಲಿತ ಮೊದಲ ಪಾಠವೇ ಅದು. ಬಾಯಿಂದ ಬಂದದ್ದು ಬೇರೆ.

“ಮೊದಲು ಯಾರ ಕಡೆಯವರು ಅಂತ ಕೇಳ್ತೀನಿ.”

ಒಬ್ಬರು ತಮಾಷೆ ಎಂದುಕೊಂಡು ನಕ್ಕರು. ನಿರ್ದೇಶಕಿ ನಗಲಿಲ್ಲ. “ಆಮೇಲೆ?”

“ನಟನಿಗೆ ಸನ್ನೆ ಮಾಡ್ತೀನಿ. ಹಾರ ಹಾಕಿಸಿ ಕಳಿಸ್ತೀನಿ.”

“ನಾಟಕ?”

“ನಾಟಕ ಎಲ್ಲಿಗೂ ಹೋಗಲ್ಲ, ಮೇಡಂ.”

ನಾಲ್ಕು ದಿನದ ಮೇಲೆ ಮೇಲ್ ಬಂತು. ನನ್ನ ಅನುಭವ ಅಪರೂಪದ್ದಂತೆ, ಆದರೆ ಅವರ ಕೆಲಸದ ರೀತಿಗೆ ಹೊಂದುವುದಿಲ್ಲವಂತೆ.

ರಜೆ ಹಾಕಿ ಕಂಪ್ಲಿಗೆ ಹೋಗಿ ಮಾಸ್ತರಿಗೆ ಎಲ್ಲ ಹೇಳಿದೆ. “ಸರಿಯಾಗೇ ಹೇಳೀರಲ್ರಿ ಮತ್ತ,” ಎಂದರು.

“ಸರಿಯಾಗಿ ಹೇಳಿದ್ದಕ್ಕೇ ಹೋಯ್ತು ಮಾಸ್ತರೇ. ನಿಮ್ಮ ಸಹವಾಸದಿಂದ ಹೋಯ್ತು,” ಎಂದು ರೇಗಿದೆ. ರೇಗುತ್ತಲೇ ಅಳು ಬಂತು. ಐದು ವರ್ಷದಲ್ಲಿ ಇಲ್ಲಿ ಇನ್ನೊಬ್ಬರ ಮುಂದೆ ಅತ್ತದ್ದು ಅದೇ ಮೊದಲು. ಅವರು ಹಾರ್ಮೋನಿಯಂ ಪಕ್ಕಕ್ಕೆ ಸರಿಸಿ, ಒಳಗೆ ಚಹಾಕ್ಕೆ ಹೇಳಿ, ನನ್ನ ಅಳು ಮುಗಿಯುವ ತನಕ ಕೂತರು.

“ಮತ್ತ ಅರ್ಜಿ ಹಾಕ್ತೀರೇನ್ರಿ?”

“ಹಾಕ್ತೀನಿ. ನನಗೆ ನಮ್ಮೂರಿಗೆ ಹೋಗ್ಬೇಕು.”

“ಹಾಕ್ರಿ. ಮತ್ತ ಅದನ್ನೇ ಕೇಳಿದ್ರ?”

ಹೊಸಪೇಟೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಮೈಸೂರಿನ ಆಸೆ ಬಿಟ್ಟಿಲ್ಲ, ಬಿಡಲು ಆಗುವುದೂ ಇಲ್ಲ. ಅಂಥ ಕೆಲಸ ಸಿಗಬೇಕಾದರೆ ಹೇಳಬೇಕಾದದ್ದು ‘ತಡೆದು ಕೆಳಗಿಳಿಸ್ತೀನಿ’ ಎಂಬ ಒಂದೇ ಒಂದು ವಾಕ್ಯ, ಬಸ್ಸಿನ ಸದ್ದಿನಲ್ಲಿ ಅದನ್ನು ಎರಡು ಸಲ ಬಾಯಿಬಿಟ್ಟು ಹೇಳಿಯೂ ನೋಡಿದೆ. ಆದರೆ ಯಂಕಮ್ಮನನ್ನು ಇನ್ನೊಮ್ಮೆ ಮೆಟ್ಟಿಲಿಂದ ಇಳಿಸಿ ಕಳಿಸಲು ನನ್ನಿಂದ ಆಗುವುದಿಲ್ಲ.