ಸೊಗಡಿಗೆ ಇಂಗ್ಲಿಷಿನಲ್ಲಿ ಏನಂತಾರೆ

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಶ್ರದ್ಧೆ ಬೇಕು. ಹೊಸೂರಿನ ಲಕ್ಷ್ಮೀಪತಿಯವರಿಗೆ ಅದು ಧಾರಾಳವಾಗಿತ್ತು. ಪಕ್ಕದ ಮನೆಯವರ ಕರಿಬೇವು ಚಿಗುರಿದರೆ ಇವರಿಗೆ ಊಟ ಸೇರುತ್ತಿರಲಿಲ್ಲ. ತಮ್ಮನಿಗೆ ಮತ್ತಿಗಿರಿಯಲ್ಲಿ ಸೈಟು ಸಿಕ್ಕಾಗ ಜ್ವರವೆಂದು ಮುಸುಕು ಹೊದ್ದು ಮಲಗಿದರು. ಥರ್ಮಾಮೀಟರ್ ಮಾತ್ರ ಅದನ್ನು ಒಪ್ಪಲಿಲ್ಲ. "ನಿಮ್ಮ ಹೊಟ್ಟೆ ಉರೀನ ಒಲೆಗೆ ಹಾಕೋ ಹಂಗಿದ್ರೆ ನಂಗೆ ಸೀಮೆಎಣ್ಣೆ ಕ್ಯೂನಲ್ಲಿ ನಿಲ್ಲೋದು ತಪ್ಪೋದು ಕಣ್ರೀ" ಎಂದು ಹೆಂಡತಿ ಜಾನಕಮ್ಮ ರೇಗಿಸುತ್ತಿದ್ದರು.

ಅವರು ಊರಾಚೆಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಗ್ರಂಥಪಾಲಕರು. ಎಪ್ಪತ್ತರ ದಶಕದ ಮೊದಲಲ್ಲಿ ಕೆಲಸಕ್ಕೆ ಸೇರಿದವರು. ಲೋಕದ ಯಾವ ಮೂಲೆಯಲ್ಲಿ ಯಾರು ಯಾವ ಬೆಳೆಯ ಮೇಲೆ ಏನು ಬರೆದರು ಎಂಬುದರ ಸಾರಾಂಶವನ್ನು ಅಚ್ಚು ಹಾಕಿದ ದಪ್ಪ ಸಂಪುಟಗಳು ಹಡಗಿನ ಟಪಾಲಿನಲ್ಲಿ ಬರುತ್ತಿದ್ದವು. ವಿಜ್ಞಾನಿಗಳಿಗೆ ಯಾವುದೇ ಸಂಗತಿ ಬೇಕಾದರೂ ಲಕ್ಷ್ಮೀಪತಿಯವರ ಮೇಜಿಗೆ ಬರಲೇಬೇಕು. ಇವರು ಬೆರಳಿಗೆ ಎಂಜಲು ಹಚ್ಚಿ, ಕೊನೆಯ ಪುಟಗಳಲ್ಲಿದ್ದ ಪದಸೂಚಿಯನ್ನು ಮಗುಚಿ, "ನಾಳೆ ಬನ್ನಿ, ನೋಡೋಣ" ಎನ್ನುತ್ತಿದ್ದರು. ಹೆಸರಿನ ಮುಂದೆ ಡಾಕ್ಟರ್ ಇರುವವರೂ ಮೇಜಿನ ಎದುರಿನ ಮರದ ಕುರ್ಚಿಯಲ್ಲಿ ಕೈಕಟ್ಟಿ ಕೂತಿರುತ್ತಿದ್ದರು. ಲಕ್ಷ್ಮೀಪತಿಯವರ ಬದುಕಿನ ಅಷ್ಟೂ ದೊಡ್ಡಸ್ತಿಕೆ ಆ ಕುರ್ಚಿಯಲ್ಲಿತ್ತು.

ಎಂಬತ್ತೇಳರ ಬೇಸಿಗೆಯಲ್ಲಿ ಶ್ಯಾಮಲಾ ಬಂದಳು. ಮದರಾಸಿನ ಹುಡುಗಿ, ಸಹಾಯಕ ಗ್ರಂಥಪಾಲಕಿ. ಕಂಪ್ಯೂಟರ್‌ನಲ್ಲಿ ಹುಡುಕುವ ತರಬೇತಿ ಪಡೆದು ಬಂದಿದ್ದಳು. ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಪರದೆಯೊಂದು ಇತ್ತಂತೆ. ಅದನ್ನು ಟೆಲಿಫೋನ್ ತಂತಿಯ ಮೂಲಕ ಸಮುದ್ರದಾಚೆಯ ಕಂಪ್ಯೂಟರಿಗೆ ಜೋಡಿಸಿ ಒಂದು ಪದ ಒತ್ತಿದರೆ ಸಾಕು, ಆ ಪದ ಇರುವ ಸಾರಾಂಶಗಳೆಲ್ಲ ಬಂದು ಬೀಳುತ್ತಿದ್ದವು. ಒಂದೊಂದು ನಿಮಿಷವೂ ದುಬಾರಿ. ಅಲ್ಲಿ ಕೂತು ಯೋಚಿಸುವ ಹಾಗಿರಲಿಲ್ಲ. ಯಾವ ಪದ ಒತ್ತಬೇಕೆಂದು ಇಲ್ಲಿಂದಲೇ ತೀರ್ಮಾನಿಸಿಕೊಂಡು ಹೋಗಬೇಕಿತ್ತು. ಶ್ಯಾಮಲಾ ಶುಕ್ರವಾರದ ಬೆಳಗಿನ ಬಸ್ಸಿಗೆ ಹೋಗಿ, ಸಂಜೆ ಅಂಚಿನುದ್ದಕ್ಕೂ ತೂತುಗಳಿರುವ ಉದ್ದನೆಯ ಕಾಗದವನ್ನು ಮಡಿಸಿ ಹಿಡಿದು ಬರುತ್ತಿದ್ದಳು.

ನೋಡನೋಡುತ್ತಿದ್ದಂತೆ ವಿಜ್ಞಾನಿಗಳೆಲ್ಲ ಅವಳ ಮೇಜಿನ ಸುತ್ತ ನಿಲ್ಲತೊಡಗಿದರು. ಲಕ್ಷ್ಮೀಪತಿಯವರ ಎದುರಿನ ಕುರ್ಚಿ ಖಾಲಿ ಬಿತ್ತು. ಒಂದು ದಿನ ಯಾರೋ ಬಂದು, "ಸಾರ್, ಇದು ಖಾಲಿ ಅಲ್ವಾ?" ಎಂದು ಅದನ್ನೂ ಎತ್ತಿಕೊಂಡು ಶ್ಯಾಮಲಾಳ ಮೇಜಿನ ಹತ್ತಿರ ಹಾಕಿಕೊಂಡರು. ಅಂದು ಲಕ್ಷ್ಮೀಪತಿ ಡಬ್ಬಿಯ ಮೊಸರನ್ನವನ್ನು ಮುಟ್ಟದೆ ಮನೆಗೆ ತಂದರು.

"ಪದ ಒತ್ತೋದಂತೆ, ಬರೋದಂತೆ! ಅದೇನು ವಿದ್ಯೇನಾ? ಸಾರಾಯಿ ಅಂಗಡಿ ಮುಂದಿನ ಗಿಳಿಶಾಸ್ತ್ರದವನೂ ಅದನ್ನೇ ಮಾಡ್ತಾನೆ" ಎಂದು ಜಾನಕಮ್ಮನ ಮುಂದೆ ಹರಿಹಾಯ್ದರು.

"ಆ ಮಗು ನಿಮಗೇನು ಮಾಡ್ತು?"

"ಏನೂ ಮಾಡಿಲ್ಲ. ಅದೇ ನಂಗೆ ಉರಿಯೋದು."

ಆಷಾಢದಲ್ಲಿ ಚೆನ್ನಕೇಶವ ಒಂದು ಪ್ರಶ್ನೆ ತಂದರು. ಅವರು ರಾಯಕೋಟೆ ಕಡೆಯ ಒಕ್ಕಲು ಮನೆಯಿಂದ ಬಂದು ಕೀಟಶಾಸ್ತ್ರ ಓದಿದವರು; ಕೇಂದ್ರದಲ್ಲಿ ಅವರೆ ಬೆಳೆಯ ಹುಳುಬಾಧೆಯನ್ನು ನೋಡಿಕೊಳ್ಳುತ್ತಿದ್ದರು. ಅವರೆಕಾಯಿಯ ಸಿಪ್ಪೆಯ ಮೇಲೆ ಎಣ್ಣೆಯಂಥ ಜಿಡ್ಡು ಇರುತ್ತದಲ್ಲ, ಚಳಿಗಾಲದಲ್ಲಿ ಬಿಡಿಸಿದರೆ ಬೆರಳಿಗೆಲ್ಲ ಅಂಟಿ ಘಮ್ಮೆನ್ನುತ್ತದಲ್ಲ, ಆ ಸೊಗಡು. ಕಾಯಿಕೊರಕ ಹುಳುವಿನ ಚಿಟ್ಟೆ ಆ ವಾಸನೆ ಹಿಡಿದೇ ಬಂದು ಮೊಟ್ಟೆ ಇಡುತ್ತದೆಯೇ ಎಂಬುದು ಅವರ ಅನುಮಾನ. ಇದನ್ನು ಮೊದಲೇ ಯಾರಾದರೂ ನೋಡಿದ್ದಾರೋ ಎಂದು ಬಿತ್ತನೆಗೆ ಮುಂಚೆ ತಿಳಿಯಬೇಕಿತ್ತು.

"ಸೊಗಡಿಗೆ ಇಂಗ್ಲಿಷ್‌ನಾಗೆ ಏನಂತಾರೋ ನಂಗೂ ಗೊತ್ತಿಲ್ಲ ಕಣಮ್ಮ. ಫ್ರಾಗ್ರೆನ್ಸ್, ಅರೋಮಾ, ಹಿಂಗೆ ಏನಾರ ಹಾಕಿ ನೋಡು" ಎಂದರು ಚೆನ್ನಕೇಶವ.

ಶ್ಯಾಮಲಾ ಹೋದಳು, ಹಾಕಿದಳು, ಬರಿಗೈಯಲ್ಲಿ ಬಂದಳು. ಅವರೆಯ ಎಲ್ಲ ಹೆಸರುಗಳ ಜೊತೆಗೂ ಆ ಪದಗಳನ್ನು ಕೂಡಿಸಿ ನೋಡಿದರೂ ಒಂದೇ ಒಂದು ಲೇಖನ ಸಿಕ್ಕಿರಲಿಲ್ಲ. ಬರೀ ಅವರೆ ಎಂದು ಒತ್ತಿದರೆ ನೂರಾರು ಬರುತ್ತಿದ್ದವು, ಅಷ್ಟನ್ನು ತರಿಸಲು ದುಡ್ಡಿರಲಿಲ್ಲ. ಲಕ್ಷ್ಮೀಪತಿಯವರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಬಾಗಿಲು ಹಾಕಿಕೊಂಡು ತಮ್ಮ ಸಂಪುಟಗಳನ್ನೆಲ್ಲ ತಡಕಾಡಿದರು. ಅವಳಿಗೆ ಸಿಗದ್ದು ತಮಗೆ ಸಿಕ್ಕಿದರೆ ಕುರ್ಚಿ ವಾಪಸು ಬಂದಂತೆಯೇ ಸರಿ. ಪರಿಮಳದ ಪದಗಳಡಿಯಲ್ಲಿ ಅವರಿಗೂ ಸಿಗಲಿಲ್ಲ. ಹೋಗಲಿ, ಅವಳಿಗಂತೂ ಸಿಗಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡರು.

ಮುಂದಿನ ಗುರುವಾರ ಶ್ಯಾಮಲಾ ಅವರ ಮೇಜಿನ ಮುಂದೆ ಬಂದು ನಿಂತಳು. ಕೂರಲು ಕುರ್ಚಿ ಇರಲಿಲ್ಲ.

"ಸಾರ್, ಸೊಗಡು ಅಂದ್ರೆ ಸರಿಯಾಗಿ ಏನು ಸಾರ್? ನಾನು ಹಸಿ ಕಾಯಿ ನೋಡಿದ್ದೇ ಇಲ್ಲ. ನಮ್ಮ ಮನೇಲಿ ಒಣಗಿದ ಅವರೆಕಾಳು, ಮೊಚ್ಚೈ ಅಂತಾರೆ, ನೆನೆಹಾಕಿ ಕೊಳಂಬು ಅಂತ ಹುಳಿ ಮಾಡ್ತಾರೆ, ಅಷ್ಟೇ. ಇಲ್ಲಿ ಕಾಯಿ ಬರೋಕೆ ಮಾರ್ಗಳಿ ತಿಂಗಳು ಆಗಬೇಕಂತೆ. ನಿಮಗೆ ಗೊತ್ತಿರುತ್ತಲ್ಲ?"

ಗೊತ್ತಿರುತ್ತಲ್ಲ ಎಂದರೆ! ರಾಯಕೋಟೆ ಸಂತೆಯಲ್ಲಿ ಅವರೆಕಾಯಿಯ ರಾಶಿಗೆ ಮೂಗು ಒಡ್ಡಿ, ಯಾವುದು ಹಿಂದಿನ ಸಂಜೆ ಕಿತ್ತದ್ದು, ಯಾವುದು ಮಂಜಿನಲ್ಲಿ ಕಿತ್ತದ್ದು ಎಂದು ಹೇಳುತ್ತಿದ್ದ ಮನುಷ್ಯ. ಸೊಗಡಿಲ್ಲದ ಕಾಯಿ ತಂದನೆಂದು ಹೆಂಡತಿಯ ತಮ್ಮನ ಜೊತೆ ಮಾತು ಬಿಟ್ಟಿದ್ದ ಮನುಷ್ಯ. ಆದರೆ ಆ ಹೊತ್ತಿನಲ್ಲಿ ಅವರ ಕಣ್ಣಿಗೆ ಬಿದ್ದದ್ದು ಅವಳ ಹಿಂದೆ, ಅವಳ ಮೇಜಿನ ಪಕ್ಕದಲ್ಲಿದ್ದ ತಮ್ಮ ಮರದ ಕುರ್ಚಿ. ಹೊಟ್ಟೆಯೊಳಗಿನದು ನಾಲಗೆಗೆ ಬಂತು.

"ಸೊಗಡು ಅಂದ್ರೆ ನಾತ ಕಣಮ್ಮ. ಗಬ್ಬುನಾತ."

"ಹಾಗಾ ಸಾರ್? ಚೆನ್ನಕೇಶವ ಸಾರ್ ಪರಿಮಳ ಅನ್ನೋ ಥರ ಹೇಳಿದ್ರು..."

"ಅವರು ಹಳ್ಳಿಯವರು, ಅವರಿಗೆ ಹಂಗನ್ಸುತ್ತೆ. ನೀನು ಸ್ಟೆಂಚ್ ಅಂತ ಹಾಕು. ಎಸ್, ಟಿ, ಇ, ಎನ್, ಸಿ, ಹೆಚ್."

ಅವಳು ಅಕ್ಷರ ಅಕ್ಷರವನ್ನೂ ಬರೆದುಕೊಂಡು, "ತುಂಬಾ ಥ್ಯಾಂಕ್ಸ್ ಸಾರ್" ಎಂದು ಹೋದಳು. ಎರಡನೆಯ ಸಲವೂ ಬರಿಗೈಯಲ್ಲಿ ಬಂದರೆ ನಿರ್ದೇಶಕರು ಆ ಶುಕ್ರವಾರದ ಬಸ್ಸನ್ನೇ ನಿಲ್ಲಿಸಬಹುದು ಎಂದು ಲಕ್ಷ್ಮೀಪತಿ ಲೆಕ್ಕ ಹಾಕಿದರು. ಮನೆಗೆ ಹೋಗುವಾಗ ಮಲ್ಲಿಗೆ ಹೂವು ಕೊಂಡರು. ಜಾನಕಮ್ಮ ಹೂವನ್ನು ನೋಡಿ, "ಯಾರ ಮನೆ ಹಾಳಾಯ್ತು?" ಎಂದು ಕೇಳಿದರು.

ಶುಕ್ರವಾರ ಸಂಜೆ ಶ್ಯಾಮಲಾ ಓಡುತ್ತಲೇ ಒಳಗೆ ಬಂದಳು.

ಲೇಖನ ಸಿಕ್ಕಿತ್ತು. ದೂರದ ಚಳಿದೇಶದ ಒಬ್ಬ ವಿಜ್ಞಾನಿ ಗಾಜಿನ ಮನೆಯಲ್ಲಿ ಅವರೆ ಬೆಳೆಸಿದ್ದ. ಕಾಯಿಯ ಜಿಡ್ಡಿನ ವಾಸನೆ ಅವನ ಮೂಗಿಗೆ ತಡೆಯಲಾಗಿರಲಿಲ್ಲ. ಈ ಗಿಡದ ಕಾಯಿಗಳಿಂದ ಅಸಹ್ಯವಾದ ಸ್ಟೆಂಚ್ ಬರುತ್ತದೆ, ಅದು ಚಿಟ್ಟೆಗಳನ್ನು ಸೆಳೆಯುತ್ತದೆ ಎಂದು ಅವನು ಬರೆದಿದ್ದ. ಚೆನ್ನಕೇಶವ ಕೇಳಿದ್ದು ಅಕ್ಷರಶಃ ಅದನ್ನೇ. ಲಕ್ಷ್ಮೀಪತಿ ಹೊಟ್ಟೆಕಿಚ್ಚಿಗೆ ಆಡಿದ ಪದವನ್ನೇ ಆ ಪುಣ್ಯಾತ್ಮ ಮನಃಪೂರ್ವಕ ಬರೆದಿಟ್ಟಿದ್ದ.

"ಅಯ್ಯೋ ಇವನ! ನಮ್ ಅವರೆಕಾಯಿ ಸೊಗಡಿಗೆ ಗಬ್ಬುನಾತ ಅಂದವ್ನಲ್ಲಮ್ಮ!" ಎಂದು ಚೆನ್ನಕೇಶವ ನಕ್ಕರು. "ಈ ಪದ ನಿಂಗೆಂಗೆ ಹೊಳೀತು?"

"ನನಗಲ್ಲ ಸಾರ್. ಲಕ್ಷ್ಮೀಪತಿ ಸಾರ್ ಕೊಟ್ರು. ಅವರಿಲ್ಲದಿದ್ರೆ ಸಿಗ್ತಾನೇ ಇರಲಿಲ್ಲ."

ಎಲ್ಲರೂ ಅವರ ಕಡೆ ತಿರುಗಿದರು. ಚೆನ್ನಕೇಶವ ಬಂದು ಎರಡೂ ಕೈ ಹಿಡಿದುಕೊಂಡರು. ಪರದೇಶದವರ ಮೂಗಿಗೆ ಹೇಗನ್ನಿಸುತ್ತದೆ ಎಂದು ಊಹಿಸಿದ್ದೀರಲ್ಲ, ಅನುಭವ ಅಂದರೆ ಇದು ಎಂದು ನಿರ್ದೇಶಕರು ಹೊಗಳಿದರು. ವರದಿಯಲ್ಲಿ ನಿಮ್ಮ ಹೆಸರು ಹಾಕುತ್ತೇವೆ ಎಂದೂ ಹೇಳಿದರು. ಲಕ್ಷ್ಮೀಪತಿಯವರಿಗೆ ಬೆವರು ಕಿತ್ತುಕೊಂಡು ಬಂತು. ಒಪ್ಪಿಕೊಂಡರೆ ಅವಳ ಗೆಲುವಿಗೆ ತಾವೇ ಆರತಿ ಎತ್ತಿದಂತೆ. ಒಪ್ಪದಿದ್ದರೆ ನಿಜ ಹೇಳಬೇಕು. "ಏನೋ, ತೋಚ್ತು, ಹೇಳ್ದೆ" ಎಂದು ಗೊಣಗಿದರು. ಅಂದು ರಾತ್ರಿ ಅವರು ತಮಗೇ ಸಿಕ್ಕ ಹೊಗಳಿಕೆಯ ಮೇಲೆ ಹೊಟ್ಟೆಕಿಚ್ಚು ಪಟ್ಟರು.

ಮಾರ್ಗಶಿರ ಬಂತು. ಚೆನ್ನಕೇಶವ ತಮ್ಮ ತಾಕಿನಿಂದ ಒಂದು ಕುಕ್ಕೆ ಅವರೆಕಾಯಿ ಕಿತ್ತು ತಂದು ಗ್ರಂಥಾಲಯದ ಮೇಜಿನ ಮೇಲೆ ಸುರಿದು ಹೋದರು. ಇಬ್ಬನಿ ಇನ್ನೂ ಆರಿರಲಿಲ್ಲ. ಕೋಣೆಯೆಲ್ಲ ಸೊಗಡು ತುಂಬಿತು. ಶ್ಯಾಮಲಾ ಒಂದು ಕಾಯಿ ಬಿಡಿಸಿ, ಬೆರಳನ್ನು ಮೂಗಿನ ಹತ್ತಿರ ಹಿಡಿದಳು. ಇನ್ನೊಂದು ಸಲ ಹಿಡಿದಳು. ಆಮೇಲೆ ನಿಧಾನವಾಗಿ ಲಕ್ಷ್ಮೀಪತಿಯವರ ಕಡೆ ನೋಡಿದಳು.

"ಸಾರ್, ಇದು ನಾತಾನಾ?"

ಲಕ್ಷ್ಮೀಪತಿಯವರ ಕೈಯಲ್ಲೂ ಒಂದು ಕಾಯಿ ಇತ್ತು. ಅದನ್ನು ಮೂಗಿಗೆ ಹಿಡಿದುಕೊಂಡೇ ಸುಳ್ಳು ಹೇಳಲು ಅವರಿಂದ ಆಗಲಿಲ್ಲ.

"ಅಲ್ಲಮ್ಮ."

"ಮತ್ತೆ ಯಾಕೆ ಸಾರ್ ಹಾಗೆ ಹೇಳಿದ್ರಿ?"

"ನನ್ ಕುರ್ಚಿ ನಿನ್ ಮೇಜಿನ ಹತ್ರ ಇತ್ತು" ಎಂದರು ಲಕ್ಷ್ಮೀಪತಿ.

ಅವಳು ಮಿಕ್ಕ ಕಾಯಿಗಳನ್ನು ಬಿಡಿಸುತ್ತ ಕೂತಳು. ಅಂದಿನಿಂದ ವಾರವಿಡೀ ಅವಳು ಅವರ ಜೊತೆ ಮಾತಾಡಲಿಲ್ಲ. ಎಲ್ಲರಿಗೂ ಹೇಳಿಬಿಟ್ಟಿರುತ್ತಾಳೆ, ತಮ್ಮ ಕಥೆ ಮುಗಿಯಿತು ಎಂದು ಲಕ್ಷ್ಮೀಪತಿ ತಲೆ ತಗ್ಗಿಸಿಕೊಂಡೇ ಓಡಾಡಿದರು. ಜಾನಕಮ್ಮ ಹಿತಕಿದ ಬೇಳೆಯ ಸಾರು ಮಾಡಿ ಬಡಿಸಿದರೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

ಗುರುವಾರ ಮಧ್ಯಾಹ್ನ ನೆಲದ ಮೇಲೆ ಏನೋ ಎಳೆದ ಸದ್ದಾಯಿತು. ಶ್ಯಾಮಲಾ ಮರದ ಕುರ್ಚಿಯನ್ನು ಎಳೆದುಕೊಂಡು ಬಂದು, ಅವರ ಮೇಜಿನ ಎದುರಿಗೆ ಹಾಕಿ ಕೂತಳು. ಪೆನ್ನಿನ ಮುಚ್ಚಳ ತೆಗೆದಳು.

"ಈ ಸಲ ಹುಚ್ಚೆಳ್ಳು ಸಾರ್. ಅದರ ಎಣ್ಣೆ ರುಚಿ ಬಗ್ಗೆ ಬೇಕಂತೆ. ಎರಡು ಪದ ಕೊಡಿ. ಒಂದು ನೀವು ಪ್ರೀತಿಯಿಂದ ಹೇಳೋದು, ಇನ್ನೊಂದು ನನ್ನ ಮೇಲೆ ಹೊಟ್ಟೆಕಿಚ್ಚಿಂದ ಹೇಳೋದು. ಯಾವುದಕ್ಕೆ ಸಿಗುತ್ತೋ ಗೊತ್ತಿಲ್ಲವಲ್ಲ."

ಲಕ್ಷ್ಮೀಪತಿ ಕನ್ನಡಕ ಒರೆಸಿಕೊಂಡರು. ಮೊದಲನೆಯ ಪದಕ್ಕೆ ಅವರು ಬಹಳ ಹೊತ್ತು ಯೋಚಿಸಬೇಕಾಯಿತು. ಎರಡನೆಯದನ್ನು ತಕ್ಷಣ ಹೇಳಿದರು.