ಅರಿಷಿಣ ತುಂಬಿದ ಆಂಟೆನಾ

ನಮ್ಮ ಯಜಮಾನರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಮಾತಾಡಿಸಲು ಬಂದವರು ಅವರ ಗುಣ ನೆನೆದು ಕಣ್ಣೊರೆಸಿಕೊಳ್ಳುತ್ತಾರೆ. ನನಗೆ ಆ ಒಂದು ದಸರೆ ನೆನಪಾಗಿ ನಗು ಬರುತ್ತದೆ. ಸೆರಗು ಬಾಯಿಗೆ ಹಿಡಿಯುತ್ತೇನೆ. ಅಳುತ್ತಿದ್ದೇನೆಂದು ತಿಳಿದು ಅವರು ಬೆನ್ನು ಸವರುತ್ತಾರೆ.

ಅವರು ದಿನಾ ಬಸ್ಸಿನಲ್ಲಿ ರೋಣಕ್ಕೆ ಹೋಗಿ ಪಾಠ ಹೇಳುತ್ತಿದ್ದರು. ಸಂಜೆ ಗಜೇಂದ್ರಗಡದ ನಮ್ಮ ಮನೆಯಲ್ಲಿ ನಾನು ಮಗ್ಗದಲ್ಲಿ ಸೀರೆ ನೇಯುತ್ತಿದ್ದರೆ, ಅವರು ಮೂಲೆಯಲ್ಲಿ ಕೂತು ಪಿಎಚ್‌ಡಿಗಾಗಿ ಆಂಟೆನಾ ಮಾಡುತ್ತಿದ್ದರು. ಅಂಗೈಗಿಂತ ಚಿಕ್ಕ ಹಲಗೆ, ಮೇಲೆ ತಾಮ್ರದ ತೆಳು ತಗಡು. ಗಾತ್ರ ಇಳಿಸಿದಷ್ಟೂ ಅದು ಹಿಡಿಯುವ ಅಲೆಗಳು ಕಡಿಮೆಯಾಗುತ್ತವಂತೆ. ಚಿಕ್ಕದೂ ಇರಬೇಕು, ಮೊಬೈಲು, ವೈ-ಫೈ ಎಲ್ಲದರ ಅಲೆಗಳನ್ನೂ ಹಿಡಿಯಬೇಕು ಎಂಬುದು ಅವರ ಹಟ. ಅದಕ್ಕೆಂದೇ ತಾಮ್ರದ ನಡುವೆ ಕುದುರೆ ಲಾಳದಂಥ ಸಣ್ಣ ಸೀಳು ಕೊರೆದಿದ್ದರು. ಹಿಂದೆ ಮಾಡಿದವೆಲ್ಲ ಕೆಟ್ಟಿದ್ದವು. ದಸರೆ ಮುಗಿದ ಕೂಡಲೇ ಧಾರವಾಡದಲ್ಲಿ ಪಿಎಚ್‌ಡಿ ಗುರುಗಳ ಮುಂದೆ ಇದರ ಪರೀಕ್ಷೆ. ಇದೂ ಕೆಟ್ಟರೆ ಬೇರೆ ವಿಷಯ ಹುಡುಕಿಕೊಳ್ಳಿ ಎಂದು ಗುರುಗಳು ಹೇಳಿಬಿಟ್ಟಿದ್ದರು.

ಖಂಡೇ ಪೂಜೆಯ ದಿನ, ಅಂದರೆ ಆಯುಧ ಪೂಜೆಯಂದು, ಮಗ್ಗದ ಲಾಳಿ, ಕತ್ತರಿ, ಸುತ್ತಿಗೆಗಳ ಜೊತೆ ಆಂಟೆನಾವೂ ಮಣೆಯ ಮೇಲೆ ಕೂತಿತು. ಪೂಜೆಯಾದ ಮೇಲೆ ನೋಡಿದರೆ ಸೀಳಿನ ತುಂಬ ಅರಿಷಿಣ.

“ಯವ್ವಾ, ಇದೇನ ಮಾಡಿದಿ?”

“ಬಿರಕ ಬಿಟ್ಟಿತ್ತಲ್ಲೋ. ಒಡದದ್ದನ್ನ ಪೂಜಿಗೆ ಹ್ಯಾಂಗ ಇಡೂದು? ಮುಚ್ಚೇನಿ,” ಎಂದರು ನಮ್ಮತ್ತೆ.

“ನಾನ ಕೊರದದ್ದು ಅದು.”

“ಪೂಜಿ ಆದಮ್ಯಾಲೆ ಕೊರೀಬಾರದಿತ್ತೇನು?”

ಅತ್ತೆಯದು ಇನ್ನೊಂದು ನೇಮ: ಪೂಜೆಯ ಅರಿಷಿಣವನ್ನು ಒರೆಸಬಾರದು, ತಾನಾಗಿ ಉದುರಬೇಕು. “ಧಾರವಾಡ ಮುಟ್ಟೂದರಾಗ ಒಣಗಿ ಉದರತದ ತಗೊ,” ಎಂದು ನನ್ನ ಕಿವಿಯಲ್ಲಿ ಹೇಳಿ, ದಸರೆ ಮುಗಿದ ಬೆಳಿಗ್ಗೆ ನಮ್ಮವರು ಅದನ್ನು ಹಾಗೇ ಚೀಲಕ್ಕೆ ಹಾಕಿಕೊಂಡು ಹೋದರು.

ಮಧ್ಯಾಹ್ನ ಫೋನ್ ಬಂತು. ದನಿ ಸಣ್ಣಗಾಗಿತ್ತು. ಆಂಟೆನಾ ಅಲೆ ಹಿಡಿದ ಕಡೆ ಯಂತ್ರದ ಪರದೆಯ ಗೆರೆ ತಗ್ಗುತ್ತದಂತೆ, ಅದು ಅಗಲವಾಗಿ ತಗ್ಗಬೇಕಿತ್ತು. ಈಗ ಬೇಡವಾದ ಒಂದೇ ಕಡೆ ಸೂಜಿಯಂತೆ ಇಳಿದಿತ್ತು. ಅರಿಷಿಣ ಒಳಗೆ ಇನ್ನೂ ಹಸಿ.

“ಯವ್ವನ್ನ ಕೇಳು, ಒರಸಲೇನು?”

“ಒರಸ್ರಿ, ಅಲ್ಲಿ ಯಾರು ನೋಡ್ತಾರ?”

“ಬ್ಯಾಡ, ಕೇಳು. ಆಮ್ಯಾಲೆ ಗೊತ್ತಾದ್ರ ವರ್ಷಗಟ್ಟಲೆ ಅಂದಾಡ್ತಾಳ. ಲಗೂ, ಗುರುಗಳು ಕಾಯಾಕತ್ತಾರ.”

ಅತ್ತೆ ಫೋನ್ ಕಸಿದುಕೊಂಡರು. “ಅಲ್ಲೋ ಹುಚ್ಚಪ್ಪಾ, ನೇಮ ಮನೀ ಒಳಗಿಂದು. ಧಾರವಾಡಕ್ಕ ಹೊತಗೊಂಡು ಹೋಗಂತ ಯಾರ ಹೇಳಿದ್ರು? ಒರಸು.”

ಇಬ್ಬರೂ ಫೋನಿಗೆ ಕಿವಿ ಹಚ್ಚಿ ನಿಂತೆವು. ಬ್ರಶ್ಶಿನಿಂದ ತಿಕ್ಕುವ ಸಪ್ಪಳ, ಯಾರದೋ ಕೆಮ್ಮು, ಆಮೇಲೆ ಯಂತ್ರಕ್ಕೆ ತಿರುಗಿ ಸಿಕ್ಕಿಸಿದ ಕಟಕಟ. ಕೊನೆಗೆ ಗುರುಗಳ ದನಿ: “ಹಾಂ, ಈಗ ಚಲೋ ಅಗಲ ಬಂತ ನೋಡ್ರಿ.” ಅದರ ಹಿಂದೆಯೇ ನಮ್ಮವರ ನಗು. ಹಲ್ಲು ಕಾಣದ ಹಾಗೆ ನಗುವ ಮನುಷ್ಯ, ಎದುರಿಗೆ ಗುರುಗಳಿದ್ದಾರೆಂಬುದನ್ನೂ ಮರೆತು ನಕ್ಕರು. ಫೋನ್ ಇಡುವುದನ್ನೂ ಮರೆತರು. ನಾನೂ ಇಡಲಿಲ್ಲ, ಸುಮ್ಮನೆ ಕೇಳುತ್ತ ನಿಂತೆ.