ಬೂನ್ ಲೇಯ ಹನ್ನೊಂದು ಫೈಲುಗಳು

ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದಲ್ಲಿ ಇಳಿದಾಗ ಅಲ್ಲಿ ಬೆಳಿಗ್ಗೆ ಏಳೂವರೆ, ನನ್ನ ಕೈಗಡಿಯಾರದಲ್ಲಿ ಐದು. ಬೆಂಗಳೂರಿನಿಂದ ನಾಲ್ಕೂವರೆ ಗಂಟೆಯ ಹಾರಾಟ. ಹೊಸದುರ್ಗದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಬರಲೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಿಡಿದಿತ್ತು. ಅದು ನನ್ನ ಮೊದಲ ವಿಮಾನ, ಮೊದಲ ಪಾಸ್‌ಪೋರ್ಟು, ಮೊದಲ ಪರದೇಶ. ಆದರೆ ನಾನು ಊರು ನೋಡಲು ಹೋದವಳಲ್ಲ. ತಂಗಿ ಶೋಭಾಳ ಅಂಕಪಟ್ಟಿ ತರಲು ಹೋಗಿದ್ದೆ.

ಶೋಭಾ ಉಕ್ರೇನಿನ ಖಾರ್ಕಿವ್‌ನಲ್ಲಿ ಎರಡನೇ ವರ್ಷದ ವೈದ್ಯಕೀಯ ಓದುತ್ತಿದ್ದಾಗ ರಷ್ಯಾದ ಸೈನ್ಯ ಬಂತು. ಹಾಸ್ಟೆಲ್ಲಿನ ನೆಲಮಾಳಿಗೆಯಲ್ಲಿ ದಿನಗಟ್ಟಲೆ ಕೂತು, ಹೆಗಲಿಗೊಂದು ಚೀಲ ಹಾಕಿಕೊಂಡು ಊರಿಗೆ ಬಂದಳು. ಅವಳ ಎಸ್ಸೆಸ್ಸೆಲ್ಸಿ, ಪಿಯುಸಿ ಅಸಲು ಅಂಕಪಟ್ಟಿಗಳೂ ಅಲ್ಲಿ ಓದಿದ ಎರಡು ವರ್ಷದ ದಾಖಲೆಯೂ ಕಾಲೇಜಿನ ಕಚೇರಿಯಲ್ಲೇ ಉಳಿದವು. ಫೋನಿನಲ್ಲಿದ್ದ ಫೋಟೊ ತೋರಿಸಿ ಜಾರ್ಜಿಯಾ ದೇಶದ ಇನ್ನೊಂದು ಕಾಲೇಜಿಗೆ ಸೇರಿದಳು. ಈಗ ಕೊನೆಯ ವರ್ಷ. ಅಸಲು ತೋರಿಸದೆ ಡಿಗ್ರಿ ಇಲ್ಲ ಅಂತ ಆ ಕಾಲೇಜು ಹಟ ಹಿಡಿದು ಕೂತಿತು. ಖಾರ್ಕಿವ್‌ಗೆ ಬರೆದರೆ, ಕಚೇರಿಯಿದ್ದ ಕಟ್ಟಡಕ್ಕೇ ಶೆಲ್ ಬಿದ್ದಿದೆ, ಕಾಗದ ಸಿಗುವುದಿಲ್ಲ ಅಂತ ಉತ್ತರ ಬಂತು.

ಎರಡು ತಿಂಗಳ ಹಿಂದೆ ಶೋಭಾಳಿಗೆ ಒಂದು ಈಮೇಲ್ ಬಂತು. 'ನಿಮ್ಮ ಫೈಲು ನನ್ನ ಹತ್ತಿರ ಇದೆ. ಸಿಂಗಪುರ, ಬೂನ್ ಲೇ. ಕೈಯಿಂದ ಕೈಗೆ ಮಾತ್ರ. ಅಂಚೆಯಲ್ಲಿ ಕಳಿಸುವುದಿಲ್ಲ.' ಕೆಳಗೆ ಹೆಸರು ಹಲೀನಾ, ವಿದೇಶಿ ವಿದ್ಯಾರ್ಥಿ ವಿಭಾಗದ ಗುಮಾಸ್ತೆ.

'ಅಕ್ಕಾ, ಆ ಹೆಂಗಸು ಅಂದ್ರೆ ಎಲ್ರೂ ಹೆದರ್ತಿದ್ವಿ. ಒಂದು ಫೋಟೊ ಸೈಜ್ ಹೆಚ್ಚುಕಮ್ಮಿ ಆದ್ರೂ ವಾಪಸ್ ಕಳಿಸೋಳು' ಅಂದಳು ಶೋಭಾ. ಅವಳಿಗೆ ಪರೀಕ್ಷೆ ಹತ್ತಿರ. ಹಾಗಾಗಿ ನಾನು ಹೊರಟೆ.

ನಾನೂ ಗುಮಾಸ್ತೆಯೇ. ಸರ್ಕಾರಿ ಪಿಯು ಕಾಲೇಜಿನಲ್ಲಿ ಪ್ರಥಮ ದರ್ಜೆ ಸಹಾಯಕಿ. ಅಪ್ಪ ಎಪಿಎಂಸಿಯಲ್ಲಿ ಮೂಟೆ ಹೊರುತ್ತಿದ್ದರು. ನಮ್ಮ ಮನೆತನದಲ್ಲಿ ಡಿಗ್ರಿ ಮುಟ್ಟಿದವಳು ನಾನೇ ಮೊದಲು. ನನ್ನ ಬಿಕಾಂ ಅಂಕಪಟ್ಟಿಗಳನ್ನು ಅಮ್ಮ ಪ್ಲಾಸ್ಟಿಕ್ ಸುತ್ತಿ ಅಕ್ಕಿ ಡಬ್ಬಿಯಲ್ಲಿ ಇಟ್ಟಿದ್ದಳು. ಸೋರುವ ಮನೆಯಲ್ಲಿ ನೀರು ಹೋಗದ ಜಾಗ ಅದೊಂದೇ. ಆದ್ದರಿಂದ ಅಂಕಪಟ್ಟಿಗಾಗಿ ಸಮುದ್ರ ದಾಟುವುದು ನನಗೆ ಅತಿರೇಕ ಅನ್ನಿಸಲಿಲ್ಲ.

ಕಾಲೇಜಿನಲ್ಲಿ ನನ್ನ ಜೊತೆ ಓದಿದ ಲತಾ ಸಿಂಗಪುರದ ಕ್ಲೆಮೆಂಟಿ ಬಡಾವಣೆಯಲ್ಲಿದ್ದಾಳೆ. ಅವಳ ಮನೆಗೆ ಟ್ಯಾಕ್ಸಿ ಹಿಡಿದೆ. ಚಾಲಕ ಎಪ್ಪತ್ತರ ಹತ್ತಿರದ ಚೀನೀ ಅಂಕಲ್. ದಾರಿಯುದ್ದಕ್ಕೂ ಮರಗಳು, ಒಂದು ಎಲೆಯೂ ಅಡ್ಡಾದಿಡ್ಡಿ ಬಿದ್ದಿರಲಿಲ್ಲ. ಯಾಕೆ ಬಂದೆ ಅಂತ ಕೇಳಿದಾಗ ಹೇಳಿದೆ. ಅವರು, 'ನಿಮ್ಮ ದೇಶ ರಷ್ಯಾದಿಂದ ಎಣ್ಣೆ ಕೊಳ್ಳತ್ತೆ, ಅಲ್ವಾ?' ಅಂದರು.

'ಕೊಳ್ಳತ್ತೆ. ನಮ್ದು ದೊಡ್ಡ ದೇಶ, ಬಡವರು ಜಾಸ್ತಿ' ಅಂದೆ.

'ನಿಮ್ದು ದೊಡ್ಡದು. ನಮ್ದು ಈ ಎಕ್ಸ್‌ಪ್ರೆಸ್‌ವೇ ಮುಗಿದ ಕಡೆ ಮುಗಿಯತ್ತೆ. ದೊಡ್ಡವನು ಪಕ್ಕದವನ ಮನೆ ನಂದು ಅಂದ್ರೆ, ಆಗ್ಲಿ ಬಿಡು ಅನ್ನೋಕೆ ನಮ್ಗಾಗಲ್ಲ' ಅಂದರು. ಸಿಟ್ಟಿನಿಂದಲ್ಲ, ಹವಾಮಾನ ಹೇಳುವ ಹಾಗೆ. ಆ ಪುಟ್ಟ ದೇಶ ಯಾರಿಗೂ ಕಾಯದೆ ತಾನೇ ರಷ್ಯಾದ ಮೇಲೆ ನಿರ್ಬಂಧ ಹಾಕಿದ್ದು ನನಗೆ ಗೊತ್ತಾದದ್ದು ಆ ಟ್ಯಾಕ್ಸಿಯಲ್ಲೇ. ನಮ್ಮ ಕಚೇರಿಯಲ್ಲಿ ಯುದ್ಧ ಶುರುವಾದಾಗ ಎಲ್ಲರೂ ಮ್ಯಾಚಿನ ಸ್ಕೋರು ಕೇಳುವಂತೆ 'ಇವತ್ತೆಷ್ಟು ಊರು ಬಿತ್ತು?' ಅಂತ ಕೇಳುತ್ತಿದ್ದರು. ತಂಗಿ ಅಲ್ಲೇ ಇದ್ದಾಳೆ ಅಂತ ಗೊತ್ತಿದ್ದೂ ಕೇಳಿದವರಿದ್ದರು.

ಲತಾಳ ಮನೆ ಸರ್ಕಾರ ಕಟ್ಟಿಸಿದ ಹದಿನಾರನೇ ಮಹಡಿಯ ಫ್ಲ್ಯಾಟು. ಅಡುಗೆಮನೆಯ ಪಕ್ಕದ ಕೋಣೆಗೆ ಅಂಗೈ ದಪ್ಪದ ಉಕ್ಕಿನ ಬಾಗಿಲು. ಒಳಗೆ ಸೋನಾ ಮಸೂರಿ ಅಕ್ಕಿ, ಉಪ್ಪಿನಕಾಯಿ ಭರಣಿ, ಮೇಲಿನ ಹಲಗೆಯಲ್ಲಿ ಗಣಪತಿ. 'ಇದೇನೇ, ಬ್ಯಾಂಕಿನ ಲಾಕರಾ?' ಅಂದೆ.

'ಬಾಂಬ್ ಶೆಲ್ಟರ್ ಕಣೇ. ಈಚೆಗೆ ಕಟ್ಟಿರೋ ಫ್ಲ್ಯಾಟಲ್ಲೆಲ್ಲ ಇರತ್ತೆ. ಬಾಗ್ಲು ತೆಗೆಸೋ ಹಾಗಿಲ್ಲ.'

ಯಾವ ಯುದ್ಧವೂ ಇಲ್ಲದ ಊರಿನಲ್ಲಿ, ಮನೆಮನೆಗೂ ಒಂದು ಬಾಂಬಿನ ಕೋಣೆ! ನಾನು ಆ ಗೋಡೆಯನ್ನು ಮುಟ್ಟಿ ನೋಡಿದೆ. ನಮ್ಮೂರಿನ ಕೋಟೆಗೋಡೆಯಷ್ಟೇ ತಣ್ಣಗಿತ್ತು.

ಸಂಜೆ ನಾಲ್ಕಕ್ಕೆ ಆಕಾಶ ಕಪ್ಪಾಗಿ ಮಳೆ ಸುರಿದು, ಐದಕ್ಕೆ ಏನೂ ಆಗದ ಹಾಗೆ ಬಿಸಿಲು. ಲತಾಳ ಗಂಡ ಮಂಜುನಾಥ್ ರಾಫೆಲ್ಸ್ ಪ್ಲೇಸಿನ ಆಫೀಸು ಮುಗಿಸಿ ಬಂದ ಮೇಲೆ ಎಲ್ಲರೂ ಕೆಳಗಿನ ಹಾಕರ್ ಸೆಂಟರಿಗೆ ಹೋದೆವು. ಒಂದೇ ಸೂರಿನಡಿ ಸಾಲು ಅಂಗಡಿ, ನಡುವೆ ಮೇಜುಗಳು, ಎಲ್ಲ ಭಾಷೆಯವರೂ ಒಟ್ಟಿಗೆ ಕೂತು ಉಣ್ಣುವುದು. ನಾನು ತಿಂದದ್ದು ಕ್ಯಾರೆಟ್ ಕೇಕು. ಅದರಲ್ಲಿ ಕ್ಯಾರೆಟ್ಟೂ ಇರಲಿಲ್ಲ, ಅದು ಕೇಕೂ ಅಲ್ಲ. ಮೂಲಂಗಿ, ಅಕ್ಕಿಹಿಟ್ಟು, ಮೊಟ್ಟೆ ಹಾಕಿ ಕಾವಲಿಯಲ್ಲಿ ಹುರಿದದ್ದು. ರುಚಿಯಾಗಿತ್ತು.

ಮಂಜುನಾಥ್ ನನ್ನ ಕೆಲಸ ಕೇಳಿ, 'ಪಾಪ, ಜನಕ್ಕೆ ಕಷ್ಟ. ಆದ್ರೆ ಈ ವೆಸ್ಟ್‌ನವರ ಡಬಲ್ ಸ್ಟ್ಯಾಂಡರ್ಡ್ ನೋಡಿ ಗೀತಾ. ಇರಾಕ್‌ಗೆ ಇವ್ರೇ ನುಗ್ಗಿದಾಗ ಯಾರು ಸ್ಯಾಂಕ್ಷನ್ ಹಾಕಿದ್ರು? ಆವಾಗ ಯಾವ ಬಿಲ್ಡಿಂಗ್ ಮೇಲೂ ಇರಾಕ್ ಬಾವುಟದ ಬಣ್ಣದ ಲೈಟ್ ಹಾಕ್ಲಿಲ್ಲ' ಅಂದರು.

ಅವರ ಮಗಳು ಮಾನ್ಯಾ, ಹದಿನಾಲ್ಕು ವರ್ಷ, ಅಲ್ಲೇ ಹುಟ್ಟಿ ಬೆಳೆದವಳು. ನೂಡಲ್ಸಿನಿಂದ ತಲೆ ಎತ್ತದೆ, 'ಅಪ್ಪಾ, ಅದು ರಾಂಗ್ ಅಂದ್ರೆ ಇದು ರೈಟ್ ಆಗತ್ತಾ? ಎರಡೂ ರಾಂಗ್ ಲಾ' ಅಂದಳು, ಅಲ್ಲಿಯವರ ಹಾಗೆ ಕೊನೆಗೊಂದು 'ಲಾ' ಸೇರಿಸಿ.

'ನೋಡಿ, ಸ್ಕೂಲಲ್ಲಿ ಇದನ್ನೇ ಹೇಳ್ಕೊಡೋದು' ಅಂತ ಮಂಜುನಾಥ್ ನಕ್ಕರು. ತಟ್ಟೆ ಎತ್ತಿಡಲು ಎದ್ದರು. ನನಗೆ ನೆನಪಾದದ್ದು ಬೇರೆ. ಗಡಿಯ ಸ್ಟೇಷನ್ನಿನಲ್ಲಿ ರೈಲು ಹತ್ತಲು ಹೋದ ಶೋಭಾಳನ್ನು 'ಮೊದಲು ನಮ್ಮವರು' ಅಂತ ಎರಡು ಸಲ ಕೆಳಗಿಳಿಸಿದ್ದರು. ಹಾಗಾಗಿ ಉಕ್ರೇನಿನವರ ಮೇಲೂ ನನಗೊಂದು ಮುಳ್ಳು ಇತ್ತು. ಅದನ್ನು ಇಟ್ಟುಕೊಂಡೇ ಮರುದಿನ ಹೊರಟೆ.

ಕ್ಲೆಮೆಂಟಿಯಿಂದ ಬೂನ್ ಲೇಗೆ ಎಂಆರ್‌ಟಿ ರೈಲಿನಲ್ಲಿ ನಾಲ್ಕೇ ನಿಲ್ದಾಣ, ಒಂದೂವರೆ ಡಾಲರಿನ ಆಸುಪಾಸು. ಜುರಾಂಗ್ ಕಾರ್ಖಾನೆಗಳಿಗೆ ಹೋಗುವವರ ನಡುವೆ ನಿಂತು ನನ್ನ ಚೀಲವನ್ನು ಅವುಚಿಕೊಂಡಿದ್ದೆ. ಅದರಲ್ಲಿ ಶೋಭಾ ಕಳಿಸಿದ ಅಧಿಕಾರಪತ್ರ ಇತ್ತು. ಅದಕ್ಕೆ ನೋಟರಿಯ ಕೆಂಪು ಮೊಹರು ಹಾಕಿಸಿದ್ದೆ, ಪ್ರಿನ್ಸಿಪಾಲರ ಹಸಿರು ಇಂಕಿನ ಸಹಿ, ಕಾಲೇಜಿನ ಸೀಲು, ತಹಸೀಲ್ದಾರರದ್ದೂ ಒಂದು ಇರಲಿ ಅಂತ ಅದನ್ನೂ ಹಾಕಿಸಿದ್ದೆ. ಗುಮಾಸ್ತರ ಸ್ವಭಾವ ಗುಮಾಸ್ತರಿಗೇ ಗೊತ್ತು.

ಬಾಗಿಲು ತೆರೆದವಳು ಹಲೀನಾ ಅವರ ಮಗಳು ಒಕ್ಸಾನಾ, ವಿಶ್ವವಿದ್ಯಾಲಯದ ಪ್ರಯೋಗಾಲಯವೊಂದರಲ್ಲಿ ಕೆಲಸ. ತಾಯಿಯ ಮಾತನ್ನು ಇಂಗ್ಲಿಷಿಗೆ ತಿರುಗಿಸಲು ರಜೆ ಹಾಕಿದ್ದಳು. ಕೂಡ್ರಲು ಹೇಳದೆ ನೇರ ಉಕ್ಕಿನ ಬಾಗಿಲಿನ ಕೋಣೆಗೆ ಕರೆದುಕೊಂಡು ಹೋದಳು. ಲತಾಳ ಮನೆಯಲ್ಲಿ ಅಕ್ಕಿ ಇದ್ದಂಥದ್ದೇ ಕೋಣೆ. ಇಲ್ಲಿ ಒಂದು ಸಣ್ಣ ಮೇಜು, ಒಂದು ಕುರ್ಚಿ, ಗೋಡೆಗೊಂದು ಕ್ಯಾಲೆಂಡರು. ಮೇಜಿನ ಹಿಂದೆ ಅರವತ್ತು ದಾಟಿದ ಹೆಂಗಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕತ್ತಿನಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ಎದುರಿಗೆ ಉದ್ದನೆಯ ರಿಜಿಸ್ಟರು. ನಾನು ನಮ್ಮೂರ ಕಚೇರಿಯ ಕಿಟಕಿಯ ಹೊರಗೆ ನಿಂತ ಹಾಗಾಯಿತು.

ನನ್ನ ಪತ್ರವನ್ನು ತೆಗೆದುಕೊಂಡು, ಮೊಹರುಗಳನ್ನೆಲ್ಲ ಬೆರಳಿನಿಂದ ಸರಿಸುವಂತೆ ಮಾಡಿ ಕೆಳಗಿನ ಸಹಿ ನೋಡಿದರು. ರಿಜಿಸ್ಟರಿನಲ್ಲಿ ಒಂದು ಪುಟ ತೆರೆದರು. ಅಲ್ಲಿ ಶೋಭಾ ಮೊದಲ ವರ್ಷ ಸೇರಿದ ದಿನ ಮಾಡಿದ ಸಹಿ, ದುಂಡಗೆ ಕನ್ನಡದಲ್ಲಿ. ಪತ್ರದಲ್ಲಿ ಇಂಗ್ಲಿಷಿನ ಗೀಚು.

'ಅಮ್ಮ ಹೇಳ್ತಾಳೆ, ಇವು ಎರಡೂ ಒಬ್ಬರದಲ್ಲ. ಕೊಡೋಕಾಗಲ್ಲ' ಅಂದಳು ಒಕ್ಸಾನಾ.

'ನಾನು ಅವಳ ಸ್ವಂತ ಅಕ್ಕ!'

ಹಲೀನಾ ಕನ್ನಡಕದ ಮೇಲಿಂದ ನನ್ನನ್ನು ನೋಡಿ ಏನೋ ಅಂದರು. 'ಎಲ್ಲರೂ ಯಾರಿಗೋ ಅಕ್ಕನೇ ಅಂತಾಳೆ' ಅಂತ ಒಕ್ಸಾನಾ ಸಂಕೋಚದಿಂದ ತಿರುಗಿಸಿದಳು.

ಇಷ್ಟು ದೂರ ಬಂದು ಬರಿಗೈಯಲ್ಲಿ ಹೋಗಬೇಕೇ? ಫೋನು ತೆಗೆದೆ. ಜಾರ್ಜಿಯಾದಲ್ಲಿ ಆಗ ಬೆಳಿಗ್ಗೆ ಏಳು. ವಿಡಿಯೊ ಕರೆ ಮಾಡಿದೆ. ಶೋಭಾ ಕೆದರಿದ ಕೂದಲಲ್ಲೇ ಬಂದು, ಹಲೀನಾರನ್ನು ನೋಡಿದ್ದೇ ತಡ ಹಾಸಿಗೆಯಿಂದ ಎದ್ದು ನಿಂತಳು. ಹಲೀನಾ ಮುರುಕು ಇಂಗ್ಲಿಷಿನಲ್ಲಿ ಕೇಳಿದ ಮೊದಲ ಪ್ರಶ್ನೆ: 'ಲೈಬ್ರರಿ ಪುಸ್ತಕ ಎಲ್ಲಿ? ಅನಾಟಮಿ, ಎರಡನೇ ಸಂಪುಟ.'

'ಮೇಡಂ, ಅದು ಹಾಸ್ಟೆಲ್ಲಲ್ಲೇ... ಬಾಂಬ್ ಬಿದ್ದಾಗ...'

'ಗೊತ್ತು. ಬರೆದುಕೊಂಡಿದ್ದೀನಿ. ಸಹಿ ಮಾಡು, ಹಳೇದು.'

ಶೋಭಾ ಕ್ಯಾಮೆರಾ ಮುಂದೆ ಹಾಳೆ ಹಿಡಿದು ಕನ್ನಡದಲ್ಲಿ ಹೆಸರು ಬರೆದಳು. ಹಲೀನಾ ಪರದೆಯನ್ನೂ ರಿಜಿಸ್ಟರನ್ನೂ ಮೂರು ಸಲ ಹೋಲಿಸಿದರು. ಆಮೇಲೆ ಕನ್ನಡಕ ಇಳಿಸಿ, 'ತೆಳ್ಳಗಾಗಿದ್ದೀಯ. ರೈಲಿನಲ್ಲಿ ನಿಮ್ಮನ್ನೆಲ್ಲ ಇಳಿಸಿದರಂತೆ. ನಮ್ಮವರೇ. ನನಗೆ ಆಮೇಲೆ ತಿಳಿಯಿತು' ಅಂದರು. ಕ್ಷಮೆ ಅನ್ನುವ ಪದ ಬಳಸಲಿಲ್ಲ. ಎದ್ದು ನಿಂತು ಹೇಳಿದರು, ಅಷ್ಟೇ. ನನ್ನ ಮುಳ್ಳು ಅಲ್ಲೇ ಬಿತ್ತು.

ಫೈಲು ನನ್ನ ಕೈಗೆ ಬಂತು. ಒಂದು ಮೂಲೆಗೆ ಮಸಿ ಹಿಡಿದಿತ್ತು. ಒಳಗೆ ಎಸ್ಸೆಸ್ಸೆಲ್ಸಿ, ಪಿಯುಸಿ, ಎರಡು ವರ್ಷದ ದಾಖಲೆ, ಎಲ್ಲ ಅಸಲು, ಒಂದು ಮಡಿಕೆಯೂ ಇಲ್ಲದೆ. ಕೊಟ್ಟಿದ್ದಕ್ಕೆ ಸಹಿ ಮಾಡುವಾಗ ಹುದ್ದೆಯನ್ನೂ ಬರೆದೆ. ನಾನು ಕಾಲೇಜು ಗುಮಾಸ್ತೆ ಅಂತ ಗೊತ್ತಾಗಿದ್ದೇ ಆಕೆಯ ಮುಖವೇ ಬೇರೆಯಾಯಿತು. ಒಳಗಿನಿಂದ ಇನ್ನೊಂದು ಕುರ್ಚಿ ತರಿಸಿ, ನಿಂಬೆಹಣ್ಣಿನ ಚಹಾ ಕೊಡಿಸಿದರು.

ಹೇಗೆ ತಂದಿರಿ ಅಂತ ಕೇಳಿದೆ. ಕಚೇರಿಯ ಕಟ್ಟಡಕ್ಕೆ ಶೆಲ್ ಬಿದ್ದ ಮರುದಿನ, ತರಕಾರಿ ತರುವ ಗಾಲಿಚೀಲ ಎಳೆದುಕೊಂಡು ಅಲ್ಲಿಗೆ ಹೋದರಂತೆ. ಬೀರು ಸೊಟ್ಟಗಾಗಿ ಒಂದೇ ಖಾನೆ ತೆರೆದುಕೊಂಡಿತು. ಉಳಿದವನ್ನು ಕಬ್ಬಿಣದ ಸಲಾಕೆ ಹಾಕಿ ಮೀಟಿದರೂ ಬರಲಿಲ್ಲ. ಆ ಖಾನೆಯಲ್ಲಿದ್ದದ್ದು ಈ ರಿಜಿಸ್ಟರು, ಹನ್ನೊಂದು ಫೈಲು. 'ಹನ್ನೊಂದೇ' ಅಂದರು, ತಪ್ಪು ಒಪ್ಪಿಕೊಳ್ಳುವಂತೆ. ಚೀಲದಲ್ಲಿ ಬೇರೇನಕ್ಕೂ ಜಾಗವಿರಲಿಲ್ಲ. ತಮ್ಮ ಮದುವೆಯ ಫೋಟೊಗಳನ್ನು ಮನೆಯಲ್ಲೇ ಬಿಟ್ಟು ಬಂದರು. ಆ ಮನೆ ಈಗಿಲ್ಲ.

ನಾನು ಇಪ್ಪತ್ತು ವರ್ಷ ಅಂಕಪಟ್ಟಿ ಕೊಟ್ಟವಳು. 'ನಾಳೆ ಬಾ' ಅಂತ ಎಷ್ಟು ಮಕ್ಕಳಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಆ ಕೋಣೆಯಲ್ಲಿ ಚಹಾದ ಲೋಟ ಹಿಡಿದು ಕೂತಿದ್ದಾಗ, ದೇವಸ್ಥಾನದಲ್ಲೂ ಬರದಂಥ ಭಯಭಕ್ತಿ ಬಂತು.

'ಜಗತ್ತು ನಿಮಗೆ ಸಹಾಯ ಮಾಡುತ್ತಿದೆಯೇ?' ಅಂದೆ. ಕೇಳಿದ ಮೇಲೆ ಪೆದ್ದು ಪ್ರಶ್ನೆ ಅನ್ನಿಸಿತು.

'ಪಶ್ಚಿಮದವರು ಕೊಡುತ್ತಾರೆ. ಸೋಲದಷ್ಟು ಕೊಡುತ್ತಾರೆ. ಗೆಲ್ಲುವಷ್ಟು ಕೊಡೋಣವೇ ಅಂತ ಸಭೆ ಸೇರುತ್ತಾರೆ. ಇಲ್ಲಿ ಲಿಫ್ಟಿನಲ್ಲಿ ಸಿಕ್ಕವರು ಮೊದಮೊದಲು ಯುದ್ಧದ ಬಗ್ಗೆ ಕೇಳುತ್ತಿದ್ದರು. ಈಗ ಊಟ ಆಯಿತಾ ಅಂತಾರೆ. ಅದೂ ಒಳ್ಳೆಯದೇ' ಅಂದರು.

ರಿಜಿಸ್ಟರಿನಲ್ಲಿ ನನ್ನದು ಏಳನೇ ಸಹಿ. ಇನ್ನು ನಾಲ್ಕು ಉಳಿದಿವೆ, ಮೂರು ಭಾರತದವು. ಬರೆದ ಈಮೇಲುಗಳಿಗೆ ಅವರಿಂದ ಉತ್ತರವಿಲ್ಲ. 'ಹೆಸರು, ಊರು ಕೊಡಿ, ನಾನು ಹುಡುಕ್ತೀನಿ. ನಮ್ಮ ಇಲಾಖೆಯಲ್ಲಿ ಯಾರನ್ನಾದ್ರೂ ಹುಡುಕಬಹುದು' ಅಂದೆ. ಹಲೀನಾ ಮೂರು ಹೆಸರನ್ನು ಒಂದು ಚೀಟಿಯಲ್ಲಿ ನಿಧಾನವಾಗಿ ಬರೆದರು. ಒಂದು ಹೆಸರಿನ ಮುಂದೆ ದಾವಣಗೆರೆ ಅಂತ ಇತ್ತು.

'ಹನ್ನೊಂದೂ ಮುಗಿದ ಮೇಲೆ?' ಅಂದೆ.

'ರಿಜಿಸ್ಟರು ಕಚೇರಿಯದು, ನನ್ನದಲ್ಲ. ಖಾರ್ಕಿವ್‌ಗೆ ಒಯ್ದು ಜಮಾ ಮಾಡಬೇಕು. ನಮ್ಮ ಕಚೇರಿ ಈಗ ನೆಲಮಾಳಿಗೆಯಲ್ಲಿ ನಡೆಯುತ್ತಿದೆ. ಅಲ್ಲಿ ಕೆಲಸಕ್ಕೆ ಕೈ ಸಾಲದು.' ಇದನ್ನು ಇಂಗ್ಲಿಷಿಗೆ ತಿರುಗಿಸುವಾಗ ಒಕ್ಸಾನಾಳ ದನಿ ತಗ್ಗಿತು.

ನನ್ನನ್ನು ಕಳಿಸಲು ಅವಳು ಲಿಫ್ಟಿನವರೆಗೆ ಬಂದಳು. ಗುಂಡಿ ಒತ್ತಲಿಲ್ಲ. 'ಅಮ್ಮನನ್ನು ಇಲ್ಲಿಗೆ ಕರೆತರಲು ಎರಡು ವರ್ಷ ಬೇಡಿಕೊಂಡೆ. ಹನ್ನೊಂದು ಕೊಟ್ಟು ಮುಗಿಯುವವರೆಗೆ ಮಾತ್ರ ಇರ್ತೀನಿ ಅಂತ ಹೇಳಿಯೇ ಬಂದಳು. ಪ್ರತಿ ಸಲ ಯಾರಾದರೂ ಫೈಲಿಗೆ ಬಂದಾಗ ನಾನು ನಗ್ತಾ ಬಾಗಿಲು ತೆಗೀತೀನಿ' ಅಂದಳು. ಆಮೇಲೆ ನನ್ನ ಚೀಲದ ಕಡೆ ನೋಡಿ, 'ಆ ಮೂರು ಜನರನ್ನು ಬೇಗ ಹುಡುಕಬೇಡಿ. ದಯವಿಟ್ಟು' ಅಂದಳು.

ಅವಳ ಕೈ ಹಿಡಿದೆ. ಲಿಫ್ಟು ತಾನಾಗಿಯೇ ಬಂದು ಬಾಗಿಲು ತೆರೆಯಿತು.

ಮೂರನೇ ದಿನ ವಿಮಾನದಲ್ಲಿ ಫೈಲನ್ನು ಮೇಲಿನ ಖಾನೆಯಲ್ಲಿಡದೆ ತೊಡೆಯ ಮೇಲೇ ಇಟ್ಟುಕೊಂಡಿದ್ದೆ. ಕೆಳಗೆ ಸಮುದ್ರದಲ್ಲಿ ಲೆಕ್ಕವಿಲ್ಲದಷ್ಟು ಹಡಗುಗಳು ನಿಂತಿದ್ದವು. ನೋಡನೋಡುತ್ತಿದ್ದಂತೆ ದ್ವೀಪ ಮೋಡದಡಿ ಸರಿಯಿತು. ವಾರದೊಳಗೆ ಶೋಭಾಳ ಸ್ನೇಹಿತೆಯೊಬ್ಬಳ ಕೈಯಲ್ಲಿ ಕಾಗದಗಳು ಜಾರ್ಜಿಯಾ ತಲುಪಿದವು.

ದಾವಣಗೆರೆಯ ಹುಡುಗಿಯ ನಂಬರು ನನಗೆ ಎರಡೇ ದಿನದಲ್ಲಿ ಸಿಕ್ಕಿತು. ಒಂಬತ್ತು ದಿನ ಇಟ್ಟುಕೊಂಡೆ. ಓದು ಬಿಟ್ಟು ಬಟ್ಟೆ ಅಂಗಡಿಯಲ್ಲಿ ನಿಂತಿದ್ದಾಳೆ ಅಂತ ಗೊತ್ತಾದ ಮೇಲೆ ಇಟ್ಟುಕೊಳ್ಳಲು ಆಗಲಿಲ್ಲ. ಫೋನು ಮಾಡಿ, 'ನಿನ್ನ ಮಾರ್ಕ್ಸ್ ಕಾರ್ಡ್ ಭದ್ರವಾಗಿದೆಯಮ್ಮಾ' ಅಂದೆ. ಆ ಕಡೆಯಿಂದ ಅಳು, ಮಗುವಿನ ಹಾಗೆ. ಅದು ನಿಲ್ಲುವವರೆಗೂ ನಾನು ಫೋನು ಹಿಡಿದುಕೊಂಡೇ ಇದ್ದೆ. ಬೂನ್ ಲೇಯಲ್ಲಿ ನಗುತ್ತಾ ಬಾಗಿಲು ತೆಗೆಯಬೇಕಾದ ಒಕ್ಸಾನಾಳ ಮುಖ ಅಷ್ಟು ಹೊತ್ತೂ ನನ್ನ ಕಣ್ಣ ಮುಂದಿತ್ತು.